ಕರೆದರೂ ಬಾರದ ಮುಧೋಳ ನಾಯಿ



ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ... ನೀವು ಯಾವ ಊರಿನಲ್ಲೇ ಇರಿ, ಬೆಳಗಿನ ವಾಕಿಂಗ್ ಅಭ್ಯಾಸ ಇದ್ದರೆ ಈಚಿನ ವರ್ಷಗಳಲ್ಲಿ ಒಂದು ನಾಯಿ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಉದ್ದನೆಯ ಮೂತಿ, ಆಳವಾದ ಎದೆ, ಒಳಕ್ಕೆ ಸೇದಿಕೊಂಡ ಹೊಟ್ಟೆ, ಬಿದಿರುಗಳದಂಥ ಕಾಲು. ನಿಂತರೆ ಹೆಚ್ಚುಕಡಿಮೆ 70 ಸೆಂಟಿಮೀಟರ್ ಎತ್ತರ. "ಅಯ್ಯೋ, ಇದಕ್ಕೆ ಮನೆಯಲ್ಲಿ ಊಟ ಹಾಕೋದಿಲ್ವೇ?" ಎಂದು ನೋಡಿದವರು ಮರುಗಬೇಕು, ಅಷ್ಟು ತೆಳು ಮೈ. ಅದೇ ನಮ್ಮ ಮುಧೋಳ ನಾಯಿ. ಬಾಗಲಕೋಟೆ ಜಿಲ್ಲೆಯ ಕೂಸು. ನಮ್ಮ ಹಾಗೇ ಊರು ಬಿಟ್ಟು ಮಹಾನಗರ ಸೇರಿದ ಕನ್ನಡದ ಜೀವ ಎನ್ನಿ!

ಇದನ್ನು ಸಾಕಿದವರನ್ನು ಮಾತಾಡಿಸಿದರೆ ಸಾಮಾನ್ಯವಾಗಿ ಒಂದೇ ದೂರು. "ನೋಡೋಕೆ ರಾಜಕಳೆ. ಆದರೆ ಕರೆದರೆ ಬರೋದಿಲ್ಲ. ಪಕ್ಕದ ಮನೆ ಲ್ಯಾಬ್ರಡಾರ್ ಎಂಟು ದಿನದಲ್ಲಿ ಕಲಿತದ್ದನ್ನ ಇದು ಎಂಟು ತಿಂಗಳಾದ್ರೂ ಕಲಿತಿಲ್ಲ." ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ದೇಶಿ ತಳಿ ಅಲ್ವಾ, ಬುದ್ಧಿ ಅಷ್ಟೇ!"

ಈ ಕಡೆಯ ಮಾತಿಗಾಗಿಯೇ ಇವತ್ತು ಸ್ವಲ್ಪ ಚರಿತ್ರೆಯ ಪುಟ ತಿರುವಿಹಾಕೋಣ. ನಾಯಿಗೆ ಪಾಠ ಹೇಳುವುದಕ್ಕೂ ಚರಿತ್ರೆಗೂ ಎಲ್ಲಿಂದೆಲ್ಲಿಯ ಸಂಬಂಧ ಎನ್ನಬೇಡಿ. ಸಂಬಂಧ ಇದೆ, ಅದೂ ಬಹಳ ಹತ್ತಿರದ್ದು.

ತಿರುಗಿ ನೋಡದ ಜಾತಿ

ಮನುಷ್ಯ ಒಂದೊಂದು ನಾಯಿಯನ್ನು ಒಂದೊಂದು ಕೆಲಸಕ್ಕೆಂದು ಬೆಳೆಸಿದ. ಕುರಿಮಂದೆ ತಿರುಗಿಸುವ ನಾಯಿ ಗಳಿಗೆಗೊಮ್ಮೆ ಕುರುಬನ ಮುಖ ನೋಡಬೇಕು. ಅವನ ಕೈಸನ್ನೆ, ಸೀಟಿ ಇಲ್ಲದೆ ಅದರ ಕೆಲಸ ನಡೆಯದು. ಲ್ಯಾಬ್ರಡಾರ್ ಬಂದೂಕಿಗೆ ಬಿದ್ದ ಹಕ್ಕಿಯನ್ನು ಕಚ್ಚಿ ತಂದು ಒಡೆಯನ ಕೈಗೇ ಒಪ್ಪಿಸಬೇಕು. ಹೇಳಿದ್ದನ್ನು ಕೇಳುವುದೇ ಈ ಎರಡರ ಕಸುಬು.

ಮುಧೋಳ ನಾಯಿಯ ಕಸುಬು ಬೇರೆ. ಅದು ಮೂಸಿ ಹುಡುಕುವ ನಾಯಿಯಲ್ಲ, ಕಣ್ಣಿನಿಂದ ಬೇಟೆಯಾಡುವ ನಾಯಿ. ಸಲೂಕಿ, ಆಫ್ಘನ್ ಹೌಂಡ್, ಗ್ರೇಹೌಂಡ್ ಎಲ್ಲ ಇದೇ ಬಗೆಯವು. ಎರೆಹೊಲದ ಬದುವಿನಿಂದ ಮೊಲ ಎದ್ದು ಓಡಿತು ಎಂದಿಟ್ಟುಕೊಳ್ಳಿ. ನೆಟ್ಟಗೆ ಓಡುವ ಪ್ರಾಣಿಯೇ ಅದು? ಎಡಕ್ಕೆ ಹೊರಳುತ್ತದೆ, ಬಲಕ್ಕೆ ಜಿಗಿಯುತ್ತದೆ. ನಾಯಿ ಅಷ್ಟರಲ್ಲಿ ಒಡೆಯನಿಂದ ಒಂದು ಹೊಲದಷ್ಟು ಮುಂದಿರುತ್ತದೆ. ಎಲ್ಲಿ ತಿರುಗಬೇಕು, ಎಲ್ಲಿ ಅಡ್ಡಗಟ್ಟಬೇಕು ಎಂಬ ತೀರ್ಮಾನವೆಲ್ಲ ಅದರದ್ದೇ. "ಯಜಮಾನ ಏನಂತಾನೋ" ಎಂದು ಹಿಂದೆ ನೋಡಿದರೆ ಮೊಲ ಮಾಯ!

ಹಾಗಾಗಿ ಬೇಟೆಗಾರರು ತಲೆಮಾರುಗಟ್ಟಲೆ ಯಾವ ಮರಿಗಳನ್ನು ಆರಿಸಿ ಉಳಿಸಿಕೊಂಡರು? ತಿರುಗಿ ನೋಡದೆ ಓಡುವ ಮರಿಗಳನ್ನು. ಹೀಗೆ ನೂರಾರು ವರ್ಷ "ನೀನೇ ಯೋಚಿಸು" ಎಂಬ ಪಾಠವನ್ನು ರಕ್ತಕ್ಕೇ ಹೇಳಿಕೊಟ್ಟು, ಈಗ ಸೊಸೈಟಿಯ ಪಾರ್ಕಿನಲ್ಲಿ ಕರೆದ ಕೂಡಲೇ ಓಡಿಬರಲಿಲ್ಲ ಎಂದು ಬೈದರೆ ಅದು ನ್ಯಾಯವೇ? ನೀವೇ ಹೇಳಿ.

ಕಾಳಿಗೆ ನೆಟ್ಟ ಕಲ್ಲು

ನಮ್ಮ ನಾಡಿನಲ್ಲಿ ಬೇಟೆನಾಯಿಗೆ ಎಂಥ ಮರ್ಯಾದೆ ಇತ್ತು ಎಂಬುದಕ್ಕೆ ಕಲ್ಲಿನಲ್ಲೇ ಕೊರೆದ ಸಾಕ್ಷಿ ಇದೆ. ಅದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರು ಮತ್ತು ಗಂಗರು ಒಂದಾಗಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಹೊತ್ತು. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದ. ಮಣಲೇರ ಹೊನ್ನು ಕೇಳಲಿಲ್ಲ, ಕುದುರೆ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ.

ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಕಾದಾಟದಲ್ಲಿ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ತನ್ನ ನಾಯಿಗಾಗಿ ದೇಗುಲದ ಮುಂದೆ ಕಲ್ಲು ನೆಡಿಸಿದ, ಅದರ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟ. ನಾಯಿಯೂ ಹಂದಿಯೂ ಎದುರುಬದುರಾಗಿ ಕಾದುವ ಚಿತ್ರ ಆ ಕಲ್ಲಿನ ಮೇಲಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇಂದೂ ನೋಡಬಹುದು. ಕಾಳಿ ಯಾವ ತಳಿಯದು ಎಂದು ಶಾಸನ ಹೇಳುವುದಿಲ್ಲ. ನಮಗೆ ಬೇಕಾದ ಮಾತು ಅದಲ್ಲ. ಸಾವಿರ ವರ್ಷದ ಹಿಂದೆ ಕನ್ನಡ ನೆಲದಲ್ಲಿ ನಾಯಿಯನ್ನು ಹೆಸರಿಟ್ಟು ಕರೆದು, ಅದರ ಎದೆಗಾರಿಕೆಯನ್ನು ವೀರನ ಎದೆಗಾರಿಕೆಯ ಸಾಲಿನಲ್ಲೇ ಇಟ್ಟರು ಎಂಬುದು ದೊಡ್ಡ ಮಾತು. ಅದಾಗಿ ಸುಮಾರು 180 ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ, ಅರಸರ ವಿನೋದಗಳ ನಡುವೆ ನಾಯಿಗಳ ವಿನೋದಕ್ಕೂ ಒಂದು ಭಾಗವೇ ಮೀಸಲಾಯಿತು.

ಅರಿಯನ್ ಹೇಳಿದ ಉಪಾಯ

ಸರಿ, ನಾಯಿಯನ್ನು ಗೌರವಿಸಿದರು. ಕಲಿಸಿದ್ದು ಹೇಗೆ? ಕಣ್ಣಿನಿಂದ ಬೇಟೆಯಾಡುವ ನಾಯಿಗಳ ಬಗ್ಗೆಯೇ ಬರೆದ, ನಮಗೆ ಉಳಿದು ಬಂದಿರುವ ತೀರ ಹಳೆಯ ಪುಸ್ತಕಕ್ಕಾಗಿ ನಾವು ಕ್ರಿ.ಶ. ಎರಡನೇ ಶತಮಾನದ ರೋಮನ್ ಸಾಮ್ರಾಜ್ಯಕ್ಕೆ ಹೋಗಬೇಕು. ಬರೆದವನು ಅರಿಯನ್. ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆ ಬರೆದ ಅದೇ ಅರಿಯನ್! ದೊಡ್ಡ ಅಧಿಕಾರಿ, ದಂಡು ನಡೆಸಿದವನು. ಮನೆಯಲ್ಲಿ ಹೋರ್ಮೆ ಎಂಬ ಹೆಣ್ಣುನಾಯಿ ಸಾಕಿದ್ದ.

ದಂಡನಾಯಕನ ಪುಸ್ತಕ, ಬಡಿಗೆಯ ಮಾತೇ ತುಂಬಿರಬೇಕು ಎಂದುಕೊಂಡರೆ ತಪ್ಪು. ಅವನು ಹೇಳುವುದೇ ಬೇರೆ. ಈ ನಾಯಿಯ ಮೈ ಸವರಿ. ಚೆನ್ನಾಗಿ ಓಡಿ ಬಂದಾಗ ಹೆಸರು ಹಿಡಿದು ಹೊಗಳಿ. ಹೊಗಳಿಕೆ ಅದಕ್ಕೆ ತಿಳಿಯುತ್ತದೆ. ರಾತ್ರಿ ಮನುಷ್ಯರ ಜೊತೆಯಲ್ಲೇ ಮಲಗಲಿ. ಅದರಿಂದ ಅದಕ್ಕೆ ಮನುಷ್ಯರ ಮೇಲೆ ಅಕ್ಕರೆ ಬೆಳೆಯುತ್ತದೆ, ಮೈಗೇನಾದರೂ ಆದರೆ ನಿಮಗೂ ಗೊತ್ತಾಗುತ್ತದೆ. ನಿಜವಾದ ರಸಿಕನಿಗೆ ಮೊಲ ಸಿಕ್ಕುವುದು ಮುಖ್ಯವಲ್ಲ, ಓಟ ನೋಡುವುದು ಮುಖ್ಯ ಎಂದೂ ಹೇಳುತ್ತಾನೆ. ಸುಮಾರು 1,900 ವರ್ಷ ಹಳೆಯ ಮಾತುಗಳು ಮಿತ್ರರೇ! ಇವತ್ತಿನ ತರಬೇತುದಾರರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಮುಧೋಳಕ್ಕೆ ಬಂದರೆ

ಈಗ ಘಟಪ್ರಭೆಯ ಸೀಮೆಗೆ ಬರೋಣ. ಮುಧೋಳವೆಂದರೆ ಕವಿ ರನ್ನನ ನಾಡು. ಮುಂದೆ ಘೋರ್ಪಡೆ ಮನೆತನ ಆಳಿದ ಸಂಸ್ಥಾನ. ಅರಬ್ ಮತ್ತು ಮಧ್ಯ ಏಷ್ಯಾದ ಕಡೆಯಿಂದ ಬಂದ ವ್ಯಾಪಾರಿಗಳ, ಸೈನಿಕರ ಜೊತೆ ಬಂದ ಓಟದ ನಾಯಿಗಳು ದಖ್ಖನಿನಲ್ಲಿ ನೆಲೆಯೂರಿ ಈ ತಳಿಯಾಯಿತು ಎಂಬ ನಂಬಿಕೆ ಇದೆ. ಮಹಾರಾಷ್ಟ್ರದಲ್ಲಿ ಇದನ್ನು ಕಾರವಾನಿ ಎನ್ನುತ್ತಾರೆ. ನಾಯಿಗಳ ನೋಂದಣಿ ಮಾಡುವ ಒಂದು ಸಂಸ್ಥೆ ಇದನ್ನು ಕ್ಯಾರವಾನ್ ಹೌಂಡ್ ಎಂದು ಬರೆದುಕೊಂಡರೆ, ಇನ್ನೊಂದು ಮುಧೋಳ ಹೌಂಡ್ ಎನ್ನುತ್ತದೆ. ಗಡಿ ಸೀಮೆಯ ಜನರಿಗೆ ಎರಡು ಹೆಸರು ಇರುವುದು ಹೊಸದೇನಲ್ಲವಲ್ಲ!

ಇದನ್ನು ಉಳಿಸಿದವರು ಆ ಸೀಮೆಯ ಬೇಡರು, ಒಕ್ಕಲು ಮಕ್ಕಳು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಬಂಡೆದ್ದ ಹಲಗಲಿ ಇದೇ ಮುಧೋಳ ಸಂಸ್ಥಾನದ ಹಳ್ಳಿ. ಹಲಗಲಿ ಬೇಡರ ಲಾವಣಿ ನಮ್ಮಲ್ಲಿ ಅನೇಕರಿಗೆ ಶಾಲೆಯ ದಿನಗಳಿಂದಲೇ ಪರಿಚಯ. ಬೇಟೆಯನ್ನೇ ನಂಬಿದ ಜನಕ್ಕೆ ಆಯುಧ ಹೇಗೆ ಅನ್ನವೋ ನಾಯಿಯೂ ಹಾಗೇ ಅನ್ನ. 1900ರಿಂದ 1937ರವರೆಗೆ ಆಳಿದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಕೈಯಲ್ಲಿದ್ದ ಈ ನಾಯಿಗಳ ಓಟ ಕಂಡು ಬೆರಗಾಗಿ, ಒಳ್ಳೆಯ ಮರಿಗಳನ್ನು ಆರಿಸಿ ಬೆಳೆಸಿದರು. ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. ಮುಧೋಳದ ಹೆಸರು ನಾಯಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ಆಮೇಲೆಯೇ ಎನ್ನುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಬೇಟೆಯ ನಾಯಿಗೆ ಕೂರು, ಏಳು, ಕೈಕೊಡು ಎಂಬ ಪಾಠ ಯಾರೂ ಹೇಳಲಿಲ್ಲ. ಮರಿ ಹಿರಿಯ ನಾಯಿಯ ಬೆನ್ನು ಹತ್ತಿ ಕಲಿಯಿತು. ಮನುಷ್ಯ ಕಲಿಸಿದ್ದು ಎರಡೇ ಎರಡು: ಬಿಡುವವರೆಗೆ ತಡೆದುಕೊಂಡು ನಿಲ್ಲುವುದು, ಓಟ ಮುಗಿದ ಮೇಲೆ ಮನೆಯವರ ಹತ್ತಿರ ಮರಳುವುದು. ನಡುವಿನದೆಲ್ಲ ನಾಯಿಗೇ ಬಿಟ್ಟದ್ದು.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಸಂಸ್ಥಾನ ಹೋಯಿತು, ಅರಮನೆಯ ಆಸರೆಯೂ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1991ರ ಅದರ ತಿದ್ದುಪಡಿ ಬಂದ ಮೇಲೆ ಬೇಟೆಯೂ ನಿಂತಿತು. ನಿಲ್ಲಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಯಿ? ಕಸುಬು ಕಳೆದುಕೊಂಡ ಕುಶಲಕರ್ಮಿಯ ಹಾಗೆ ಆಯಿತು.

ಜರ್ಮನಿಯ ಅಳತೆಕೋಲು

ಅಷ್ಟರಲ್ಲಿ ಜಗತ್ತಿನಲ್ಲಿ ನಾಯಿ ತರಬೇತಿ ಎಂಬುದಕ್ಕೇ ಬೇರೆ ಅರ್ಥ ಬಂದಿತ್ತು. 1899ರಲ್ಲಿ ಜರ್ಮನಿಯ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಒಂದು ಕುರಿನಾಯಿಯನ್ನು ಕೊಂಡು, ಅದನ್ನೇ ಮೂಲವಾಗಿಟ್ಟು ಜರ್ಮನ್ ಶೆಫರ್ಡ್ ತಳಿ ಕಟ್ಟಲು ಹೊರಟ. 1910ರಲ್ಲಿ ಕೊನ್ರಾಡ್ ಮೋಸ್ಟ್ ಎಂಬ ಪೊಲೀಸ್ ಅಧಿಕಾರಿ ನಾಯಿ ಪಳಗಿಸುವ ಪುಸ್ತಕ ಬರೆದ. ಪೊಲೀಸ್ ಮತ್ತು ಸೈನ್ಯದ ನಾಯಿಗಳಿಗೆ ದಶಕಗಟ್ಟಲೆ ದಾರಿ ತೋರಿಸಿದ ಪುಸ್ತಕ ಅದು. ಮೆಚ್ಚಿದರೆ ನಾಯಿ ಕಲಿಯುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಸರಪಳಿಯ ಎಳೆತ, ಬಲವಂತ, ಹೊಡೆತ ಇವೂ ಅವನ ಪಾಠದಲ್ಲಿ ಧಾರಾಳವಾಗಿದ್ದವು.

ಆಜ್ಞೆ ಕೊಟ್ಟ ಕ್ಷಣ ಪಾಲಿಸುವುದೇ ಬುದ್ಧಿವಂತಿಕೆ ಎಂಬ ಅಳತೆಕೋಲು ಗಟ್ಟಿಯಾದದ್ದು ಹೀಗೆ. ಆ ಕೋಲು ಕುರಿನಾಯಿಗೆ ಹೇಳಿ ಮಾಡಿಸಿದ್ದು. ಅದರಿಂದ ಎಲ್ಲರನ್ನೂ ಅಳೆದರೆ ಏನಾಗುತ್ತದೆ? 1994ರಲ್ಲಿ ಸ್ಟಾನ್ಲಿ ಕೋರೆನ್ ಎಂಬ ಮನಶ್ಶಾಸ್ತ್ರಜ್ಞ ನಾಯಿಗಳ ಬುದ್ಧಿಯ ಬಗ್ಗೆ ಪುಸ್ತಕ ಬರೆದರು. ಆಜ್ಞಾಪಾಲನೆ ಸ್ಪರ್ಧೆಗಳ ಸುಮಾರು 200 ತೀರ್ಪುಗಾರರನ್ನು ಕೇಳಿ ತಳಿಗಳ ಪಟ್ಟಿ ಮಾಡಿದರು. ಮೊದಲ ಸ್ಥಾನ ಕುರಿ ಕಾಯುವ ಬಾರ್ಡರ್ ಕಾಲಿಗೆ. ಕೊನೆಯ ಸ್ಥಾನ ಆಫ್ಘನ್ ಹೌಂಡಿಗೆ, ಅಂದರೆ ನಮ್ಮ ಮುಧೋಳದ ದಾಯಾದಿಗೆ! ಇದು ಕೆಲಸದ ಮಾತು ಕೇಳುವ ಬುದ್ಧಿಯ ಅಳತೆ ಮಾತ್ರ, ಹುಟ್ಟಿನಿಂದ ಬಂದ ಬುದ್ಧಿಯೂ ತಾನಾಗಿ ಯೋಚಿಸುವ ಬುದ್ಧಿಯೂ ಬೇರೆ ಎಂದು ಕೋರೆನ್ ಅವರೇ ಬರೆದಿದ್ದಾರೆ. ಆದರೆ ಜನ ಪಟ್ಟಿ ನೋಡಿದರು, ವಿವರಣೆ ಓದಲಿಲ್ಲ. ಮೀನಿಗೆ ಮರ ಹತ್ತುವ ಪರೀಕ್ಷೆ ಕೊಟ್ಟು ನಪಾಸು ಮಾಡಿದಂತಾಯಿತು.

ಹುಟ್ಟುಗುಣದ ಶಾಸ್ತ್ರ

ಬಡಿಗೆಯಿಲ್ಲದ ದಾರಿಯೊಂದನ್ನು ವಿಜ್ಞಾನವೂ ಹುಡುಕಿತು. 1951ರಲ್ಲಿ ಬಿ.ಎಫ್. ಸ್ಕಿನ್ನರ್ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಾಣಿಗಳಿಗೆ ಕಲಿಸುವ ಬಗೆ ಬರೆದರು. ಸರಳ ಸೂತ್ರ ಅದು. ಬೇಕಾದ ಕೆಲಸ ಮಾಡಿದ ಆ ಕ್ಷಣವೇ ಒಂದು ಗುರುತಿನ ಸದ್ದು, ಬೆನ್ನಿಗೇ ಒಂದು ತುತ್ತು. ಸದ್ದು ಕೇಳಿದ ಕೂಡಲೇ ನಾಯಿಗೆ ತಾನು ಮಾಡಿದ್ದು ಸರಿ ಎಂದು ಅರ್ಥವಾಗುತ್ತದೆ. ಇಲ್ಲಿ ಸದ್ದಿನ ಹೊತ್ತು ಮುಖ್ಯ. ಒಂದು ಸೆಕೆಂಡು ತಡವಾದರೂ ಮಾತಿನ ಅರ್ಥವೇ ಬದಲಾದೀತು. ರೇಡಿಯೊದಲ್ಲಿ ಕೆಲಸ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಕಿನ್ನರರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ ಇದೇ ಸೂತ್ರ ಹಿಡಿದು ಹತ್ತಾರು ಜಾತಿಯ ಪ್ರಾಣಿಗಳಿಗೆ ಆಟ ಕಲಿಸಿದರು. ಆದರೆ 1961ರಲ್ಲಿ ಅವರೇ ಒಂದು ವಿಚಿತ್ರ ವರದಿ ಮಾಡಿದರು. ನಾಣ್ಯವನ್ನು ಡಬ್ಬಿಗೆ ಹಾಕಲು ರಕೂನ್ ಎಂಬ ಪ್ರಾಣಿಗೆ ಕಲಿಸಿದ್ದರು. ಮೊದಮೊದಲು ಸರಿಯಾಗೇ ಹಾಕಿತು. ಬರಬರುತ್ತ ನಾಣ್ಯಗಳನ್ನು ಕೈಯಲ್ಲಿಟ್ಟುಕೊಂಡು ತಿಕ್ಕತೊಡಗಿತು. ತಿನ್ನುವುದಕ್ಕೆ ಮೊದಲು ಆಹಾರವನ್ನು ತಿಕ್ಕುವುದು ಅದರ ಹುಟ್ಟುಗುಣ! ತುತ್ತು ತಪ್ಪಿದರೂ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮ ಹಿರಿಯರು ಹೇಳಿದ್ದನ್ನು ಬ್ರೆಲ್ಯಾಂಡ್ ದಂಪತಿ ಶಾಸ್ತ್ರವಾಗಿ ಹೇಳಿದರು: ಪ್ರಾಣಿಯ ಸ್ವಭಾವವೂ ಅದರ ತಳಿಯ ಹಿನ್ನೆಲೆಯೂ ಗೊತ್ತಿಲ್ಲದೆ ಪಾಠ ಶುರು ಮಾಡಬೇಡಿ.

ರಿಯಾ ಗೆದ್ದ ಪದಕ

ಮುಧೋಳ ನಾಯಿಯ ಅದೃಷ್ಟ ನಿಧಾನವಾಗಿ ಹೊರಳಿತು. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಬಂತು. 2016ರಲ್ಲಿ ಇಲ್ಲಿನ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೊದ 'ಮನ್ ಕಿ ಬಾತ್'ನಲ್ಲಿ ದೇಶಿ ತಳಿಗಳ ಜೊತೆ ಮುಧೋಳದ ಹೆಸರು ಹೇಳಿದರು. ಮರಿಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು.

ಎಲ್ಲಕ್ಕಿಂತ ಖುಷಿಯ ಸುದ್ದಿ 2024ರದು. ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ ವಿದೇಶಿ ತಳಿಗಳನ್ನೆಲ್ಲ ಹಿಂದಿಕ್ಕಿ ಇಡೀ ಕೂಟದ ಅತ್ಯುತ್ತಮ ನಾಯಿ ಎನಿಸಿತು. ಯಾವುದರಲ್ಲಿ ಗೊತ್ತೇ? ಓಟದಲ್ಲಲ್ಲ. ಜಾಡು ಹಿಡಿಯುವುದರಲ್ಲಿ, ಅಂದರೆ ಮೂಗಿನ ಕೆಲಸದಲ್ಲಿ! "ಕಣ್ಣಿನ ನಾಯಿ, ಮೂಸಲು ಬಾರದು, ಕಲಿಸಲು ಆಗದು" ಎಂದವರ ಬಾಯಿಗೆ ಬೀಗ ಬಿತ್ತು. ಮುಧೋಳ ನಾಯಿ ಕಲಿಯುತ್ತದೆ. ಕಲಿಸುವವರಿಗೆ ತಾಳ್ಮೆ ಬೇಕು, ಅಷ್ಟೇ.

ನಿಮ್ಮ ಮನೆಯ ಪಾಠಶಾಲೆ

ಇಷ್ಟು ಚರಿತ್ರೆ ಹೇಳಿದ ಮೇಲೆ, ನಮ್ಮ ಫ್ಲ್ಯಾಟಿನಲ್ಲಿ ಇದರಿಂದ ಏನು ಉಪಯೋಗ ಎಂದು ಕೇಳುತ್ತೀರಿ. ಹೇಳುತ್ತೇನೆ.

ಮೊದಲನೆಯದು ವಯಸ್ಸು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? 1965ರಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ಸಂಶೋಧಕರು ದೀರ್ಘಕಾಲದ ಅಧ್ಯಯನ ಮಾಡಿ ತೋರಿಸಿದ್ದು ಇದನ್ನೇ: ಸುಮಾರು ಮೂರನೇ ವಾರದಿಂದ ಹನ್ನೆರಡನೇ ವಾರದ ತನಕ ಮರಿ ಕಂಡದ್ದು, ಕೇಳಿದ್ದು ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ಎರೆಹೊಲದ ಸದ್ದಿಗೆ ಹುಟ್ಟಿದ ಮರಿಗೆ ಲಿಫ್ಟು, ಕುಕ್ಕರ್ ಸೀಟಿ, ಆಟೊ ಹಾರನ್ನು, ಗಣೇಶನ ಹಬ್ಬದ ಡೋಲು ಎಲ್ಲ ಹೊಸತು. ಆ ವಯಸ್ಸಿನಲ್ಲೇ ನಿಧಾನವಾಗಿ ಪರಿಚಯ ಮಾಡಿಸಿ. ಲಸಿಕೆ ಮುಗಿಯದ ಮರಿಯನ್ನು ರಸ್ತೆಗೆ ಬಿಡದೆ ತೋಳಿನಲ್ಲಿ ಎತ್ತಿಕೊಂಡೇ ತೋರಿಸಬಹುದು.

ಎರಡನೆಯದು ಭಾಷೆ. ನಮ್ಮಂಥ ಹೊರನಾಡ ಕನ್ನಡಿಗರ ಮನೆಯ ತಮಾಷೆ ನೋಡಿ. ಅಪ್ಪ "ಬಾ" ಎನ್ನುತ್ತಾರೆ. ಮಗಳು "ಕಮ್" ಎನ್ನುತ್ತಾಳೆ. ಮನೆಗೆಲಸದ ಮಾವಶಿ "ಯೇ" ಎನ್ನುತ್ತಾರೆ. ಕೆಳಗಿನ ವಾಚ್‌ಮನ್ "ಆಜಾ" ಎನ್ನುತ್ತಾನೆ. ನಾಯಿ ಯಾವುದನ್ನು ಕೇಳಬೇಕು? ಮನೆಯವರೆಲ್ಲ ಸೇರಿ ಒಂದು ಕೆಲಸಕ್ಕೆ ಒಂದೇ ಮಾತು ಗೊತ್ತು ಮಾಡಿ. ಬಾ, ಕೂರು, ನಿಲ್ಲು, ಬಿಡು. ಈ ನಾಲ್ಕು ಸಾಕು. ಚಿಕ್ಕ, ಚೊಕ್ಕ ಕನ್ನಡದ ಮಾತುಗಳು.

ಮೂರನೆಯದು ಬಾ ಎಂಬ ಪಾಠ. ಮೊದಲು ಮನೆಯೊಳಗೆ, ಎರಡು ಹೆಜ್ಜೆ ದೂರದಿಂದ. ಬಂದರೆ ಒಂದು ಚೂರು ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಜೊತೆಗೆ ಹೆಸರು ಹಿಡಿದು ಹೊಗಳಿಕೆ. ಆಮೇಲೆ ವರಾಂಡ, ಆಮೇಲೆ ಉದ್ದನೆಯ ಹಗ್ಗ ಕಟ್ಟಿ ಮೈದಾನ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ; ಅದಕ್ಕಿಂತ ಹೆಚ್ಚಾದರೆ ಈ ನಾಯಿಗೆ ಬೇಸರ. ಕರೆದು ಹತ್ತಿರ ಬಂದ ನಾಯಿಯನ್ನು ಬೈಯಬೇಡಿ, ಎಷ್ಟೇ ತಡವಾಗಿ ಬಂದಿರಲಿ. ಬಂದದ್ದಕ್ಕೆ ಪೆಟ್ಟು ಬಿತ್ತು ಎಂದು ಅದು ಲೆಕ್ಕ ಹಾಕುತ್ತದೆ.

ನಾಲ್ಕನೆಯದು ಓಟ. ಬೆಕ್ಕು, ಅಳಿಲು, ಸ್ಕೂಟರ್, ಯಾವುದು ಸರ್ರೆಂದು ಹೋದರೂ ಅದರ ಕಣ್ಣು ಮೊಲವೆಂದೇ ತಿಳಿಯುತ್ತದೆ. ಎಷ್ಟೇ ಚೆನ್ನಾಗಿ ಕಲಿತಿರಲಿ, ಬಯಲು ರಸ್ತೆಯಲ್ಲಿ ಹಗ್ಗ ಬಿಚ್ಚಬೇಡಿ. ತಲೆ ಸಣ್ಣ, ಕತ್ತು ದಪ್ಪವಾದ್ದರಿಂದ ಸಾಮಾನ್ಯ ಕೊರಳಪಟ್ಟಿ ಜಾರಿಬಿಡುತ್ತದೆ. ಅಗಲವಾದ, ಎಳೆದಾಗ ಬಿಗಿಯುವ ಪಟ್ಟಿಯನ್ನೋ ಎದೆಪಟ್ಟಿಯನ್ನೋ ಹಾಕಿ. ಸುತ್ತ ಬೇಲಿಯಿರುವ ಮೈದಾನ ಸಿಕ್ಕರೆ ದಿನವೂ ಮನಸಾರೆ ಓಡಲಿ. ಓಟ ಸಿಗದ ಮುಧೋಳ ನಾಯಿ ಸೋಫಾ ಹರಿಯುತ್ತದೆ. ಓಟ ಸಿಕ್ಕದ್ದು ಅದೇ ಸೋಫಾದ ಮೇಲೆ ಮಗುವಿನ ಹಾಗೆ ನಿದ್ದೆ ಮಾಡುತ್ತದೆ. ದೆಹಲಿಯ ಕೇಳುಗರಿಗೆ ಇನ್ನೊಂದು ಮಾತು: ಕೊಬ್ಬಿಲ್ಲದ ಮೈ, ಗಿಡ್ಡ ಕೂದಲು. ಚಳಿಗಾಲದಲ್ಲಿ ಒಂದು ಅಂಗಿ ತೊಡಿಸಿ.

ಕೊನೆಯದು ಕೈ. ಹೊಡೆದರೆ ಈ ನಾಯಿ ತಿರುಗಿ ಬೀಳುವುದಕ್ಕಿಂತ ಮುದುಡಿಕೊಳ್ಳುವುದೇ ಹೆಚ್ಚು. ಒಮ್ಮೆ ನಿಮ್ಮ ಮೇಲೆ ನಂಬಿಕೆ ಹೋದರೆ ಮತ್ತೆ ಗಳಿಸಲು ತಿಂಗಳುಗಳು ಬೇಕು.

ಈ ಐದಕ್ಕೂ ಬಿಡುವಿಲ್ಲ ಎನಿಸಿದರೆ, ದಯವಿಟ್ಟು ಊರ ಅಭಿಮಾನಕ್ಕಾಗಿ ಮಾತ್ರ ಮರಿ ತರಬೇಡಿ. ಬೇಡಿಕೆ ಏರಿದ ಕಾಲದಲ್ಲಿ ತಂದು, ಕಲಿಯಲಿಲ್ಲವೆಂದು ಬೀದಿಗೆ ಬಿಟ್ಟರೆ ಅದು ನಾಯಿಗೆ ಮಾಡಿದ ದ್ರೋಹ. ಅಭಿಮಾನ ತೋರಿಸಲು ಬೇರೆ ದಾರಿಗಳಿವೆ. ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಕರೆದೊಯ್ದು ಕಾಳಿಯ ಕಲ್ಲು ತೋರಿಸಿ.

ಈಗಾಗಲೇ ಮರಿ ಮನೆಗೆ ಬಂದಿದ್ದರೆ ಇವತ್ತು ಸಂಜೆಯೇ ಎರಡು ಹೆಜ್ಜೆ ದೂರ ನಿಂತು, ಕೈಯಲ್ಲಿ ಒಂದು ಚೂರು ಮೊಟ್ಟೆ ಹಿಡಿದು, ಮೆಲ್ಲಗೆ "ಬಾ" ಎನ್ನಿ. ತಿರುಗಿ ನೋಡದ ಜಾತಿಯ ಆ ಜೀವ ಒಮ್ಮೆ ನಿಮ್ಮ ಕಡೆ ತಿರುಗಿದರೆ, ಅದು ಭಯಕ್ಕೆ ತಿರುಗಿದ್ದಲ್ಲ, ಬೇಕೆಂದೇ ತಿರುಗಿದ್ದು.